ಪುಟ್ಟ ಮಕ್ಕಳ ಜೊತೆ ಕಡಲ ತೀರದ ನ್ಯಾಷನಲ್ ಪಾರ್ಕಿಗೆ: ಉಳಿಯುವ ಜಾಗ ಆರಿಸುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಹೊರಟಾಗ ನಾವು ಬುಕ್ ಮಾಡಿದ್ದ ಮನೆಯ ವಿವರದಲ್ಲಿ "ಬೀಚಿಗೆ ಐದೇ ನಿಮಿಷ" ಅಂತ ಇತ್ತು. ಅದು ಸುಳ್ಳಲ್ಲ, ನಿಜವಾಗಿಯೂ ಐದೇ ನಿಮಿಷ. ಆದರೆ ಅಷ್ಟೂ ಮೆಟ್ಟಿಲು. ಮನೆ ಇದ್ದದ್ದು ಬಂಡೆಯ ತುದಿಯಲ್ಲಿ, ಮರಳು ಇದ್ದದ್ದು ಪಾತಾಳದಲ್ಲಿ. ಇಳಿಯುವಾಗ ಎಲ್ಲರೂ ಖುಷಿಯಾಗಿಯೇ ಇಳಿದೆವು. ಹತ್ತುವಾಗ ಒಂದು ಹೆಗಲ ಮೇಲೆ ನಿದ್ದೆಗೆ ಜಾರಿದ ಎರಡು ವರ್ಷದ ಮಗು, ಇನ್ನೊಂದು ಹೆಗಲಲ್ಲಿ ಒದ್ದೆ ಬಟ್ಟೆಯ ಚೀಲ, ಕೈಯಲ್ಲಿ ಮಡಚಿದ ಸ್ಟ್ರೋಲರ್, ಹಿಂದೆ "ಎತ್ಕೋ" ಅಂತ ಅಳುತ್ತಿದ್ದ ದೊಡ್ಡವಳು. ಮೇಲೆ ಮುಟ್ಟುವಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು. ಮರುದಿನ ಯಾರೂ ಬೀಚಿನ ಹೆಸರು ಎತ್ತಲಿಲ್ಲ.

ಅವತ್ತಿನಿಂದ ನಾನು ಹುಡುಕುವ ಕ್ರಮವೇ ಬದಲಾಯಿತು. ಕಿಟಕಿಯಿಂದ ಏನು ಕಾಣುತ್ತದೆ ಅನ್ನುವುದನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಒಂದೇ: ಮಧ್ಯಾಹ್ನ ಮಗು ಮಲಗುವ ಹೊತ್ತಿಗೆ ಮರಳಿನಿಂದ ಹಾಸಿಗೆಗೆ ಎಷ್ಟು ಬೇಗ ಬರಬಹುದು? ಕೆಳಗೆ ಬರೆದಿರುವುದೆಲ್ಲ ಇದೇ ಲೆಕ್ಕದಿಂದ ಹುಟ್ಟಿದ್ದು.

ಹೆಜ್ಜೆ 1: ಮ್ಯಾಪ್ ತೆರೆಯುವ ಮೊದಲು ಮಕ್ಕಳ ದಿನ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಮಕ್ಕಳು ಏಳುವುದು ಎಷ್ಟಕ್ಕೆ, ಹಸಿವಾಗುವುದು ಎಷ್ಟಕ್ಕೆ, ಮಲಗುವುದು ಎಷ್ಟಕ್ಕೆ, ಕಾರಿನಲ್ಲಿ ಎಷ್ಟು ಹೊತ್ತು ಜಗಳವಿಲ್ಲದೆ ಕೂರುತ್ತವೆ, ಇಷ್ಟು ಬರೆದರೆ ಸಾಕು. ನಿಮಗೆ ಆಶೆಯಿರುವ ದಿನವಲ್ಲ, ಮನೆಯಲ್ಲಿ ನಡೆಯುವ ದಿನ.

ವಯಸ್ಸಿನ ಮೇಲೆ ಬೇಕಾದ್ದು ಬೇರೆಯಾಗುತ್ತದೆ. ವರ್ಷದೊಳಗಿನ ಕೂಸು ಎಲ್ಲಿಟ್ಟರೂ ಇರುತ್ತದೆ. ಕತ್ತಲೆ ಕೋಣೆ, ತೊಟ್ಟಿಲಿಗೆ ಜಾಗ, ಬಾಟಲಿ ತೊಳೆಯಲು ಒಂದು ಸಿಂಕ್ ಇದ್ದರೆ ಅದರ ಕೆಲಸ ಮುಗಿಯಿತು. ನಾಲ್ಕೈದು ವರ್ಷದವರಿಗೆ ಮಾತು ತಿಳಿಯುತ್ತದೆ, ಸ್ವಲ್ಪ ನಡೆಯುತ್ತಾರೆ. ಕಷ್ಟ ಇರುವುದು ಒಂದರಿಂದ ಮೂರರ ನಡುವೆ. ಓಡಲು ಬರುತ್ತದೆ, ನಿಲ್ಲಲು ಬರುವುದಿಲ್ಲ. ಮನೆಯಲ್ಲಿ ಈ ವಯಸ್ಸಿನ ಮಗು ಒಂದಿದ್ದರೂ ಜಾಗವನ್ನು ಅದರ ಕಣ್ಣಿನಿಂದಲೇ ಆರಿಸಿ, ಉಳಿದವರು ಹೊಂದಿಕೊಳ್ಳುತ್ತಾರೆ.

ಹೆಜ್ಜೆ 2: ಪಾರ್ಕಿನ ಯಾವ ಮಗ್ಗುಲು ಅಂತ ಮೊದಲು ತೀರ್ಮಾನಿಸಿ

ಜನ ಪಾರ್ಕಿನ ಹೆಸರು ಹೊಡೆದು "ಹತ್ತಿರದ ಹೋಟೆಲ್" ಅಂತ ಹುಡುಕುತ್ತಾರೆ. ಬರುವ ಉತ್ತರ ಪಾರ್ಕಿನ ಯಾವುದೋ ಒಂದು ಮೂಲೆಗೆ ಹತ್ತಿರ. ನಿಮಗೆ ಬೇಕಾದ ಬೀಚು ಇನ್ನೊಂದು ಮೂಲೆಯಲ್ಲಿ.

ಅಮೆರಿಕದ ಒಲಿಂಪಿಕ್ ನ್ಯಾಷನಲ್ ಪಾರ್ಕನ್ನೇ ತೆಗೆದುಕೊಳ್ಳಿ. ಒಂದೇ ಪಾರ್ಕಿನಲ್ಲಿ ಹಿಮದ ಬೆಟ್ಟ, ಮಳೆಕಾಡು, ಕಡಲು ಮೂರೂ ಇವೆ ಅಂತ ಕೇಳಿ ಎಲ್ಲವನ್ನೂ ನೋಡೋಣ ಅಂತ ಹೊರಡುತ್ತೇವೆ ಅಲ್ವಾ. ಆದರೆ ಪಾರ್ಕನ್ನು ನಡುವೆ ಸೀಳಿಕೊಂಡು ಹೋಗುವ ರಸ್ತೆಯೇ ಇಲ್ಲ. ಸುತ್ತು ಹಾಕಿಕೊಂಡೇ ಹೋಗಬೇಕು. ಬೆಟ್ಟದ ಕಡೆ ರೂಮು ಮಾಡಿ ದಿನಾ ಕಡಲಿಗೆ ಹೋಗಿ ಬರುತ್ತೇವೆ ಅಂದರೆ ಮಕ್ಕಳ ರಜೆ ಕಾರಿನ ಸೀಟಿನಲ್ಲೇ ಮುಗಿಯುತ್ತದೆ. ನ್ಯೂಜಿಲೆಂಡಿನ ಏಬಲ್ ಟಾಸ್ಮನ್‌ನದು ಬೇರೆ ಕತೆ. ಅಲ್ಲಿ ತೀರದ ಉದ್ದಕ್ಕೂ ಹಾದುಹೋಗುವ ರಸ್ತೆ ಇಲ್ಲ. ಒಳಗಿನ ಬೀಚುಗಳಿಗೆ ಹೆಚ್ಚಾಗಿ ಕಾಲ್ನಡಿಗೆಯಲ್ಲೋ ದೋಣಿಯಲ್ಲೋ ಹೋಗಬೇಕು. ಅಂಥ ಕಡೆ "ಹತ್ತಿರ" ಅಂದರೆ ದೋಣಿ ಹತ್ತುವ ಜಾಗಕ್ಕೆ ಹತ್ತಿರ, ಅಷ್ಟೇ.

ಹಾಗಾಗಿ ಮೊದಲು ಮಕ್ಕಳಿಗೆ ಒಗ್ಗುವ ಎರಡು ಬೀಚು ಗುರುತು ಮಾಡಿ. ಆಮೇಲೆ ಅವುಗಳಿಂದ ರೂಮಿನ ಕಡೆಗೆ ಹಿಂದೆ ಹಿಂದೆ ಬನ್ನಿ. ಕಿಲೋಮೀಟರ್ ನೋಡಬೇಡಿ, ನಿಮಿಷ ನೋಡಿ. ಕಡಲ ಪಕ್ಕದ ರಸ್ತೆಗಳು ಸುತ್ತಿ ಬಳಸಿ ಹೋಗುತ್ತವೆ, ಕೆಲವು ಒನ್ ವೇ ಆಗಿರುತ್ತವೆ, ಪಾರ್ಕಿಂಗ್ ಬೆಳಗ್ಗೆಯೇ ತುಂಬಿಹೋಗುತ್ತದೆ. ಬಿಡುವಿನ ದಿನದ ಬೆಳಗ್ಗೆ ಹತ್ತು ಗಂಟೆಗೆ ಮ್ಯಾಪಿನಲ್ಲಿ ಹೊರಡುವ ಹೊತ್ತು ಹಾಕಿ ನೋಡಿದರೆ ನಿಜ ಸ್ವಲ್ಪ ತಿಳಿಯುತ್ತದೆ. ನನ್ನ ಮಿತಿ ಇಪ್ಪತ್ತೈದು ನಿಮಿಷ. ಅದಕ್ಕಿಂತ ಜಾಸ್ತಿಯಾದರೆ ಮಗು ಕಾರಿನಲ್ಲೇ ನಿದ್ದೆ ಮಾಡಿ, ರೂಮಿಗೆ ಬಂದ ತಕ್ಷಣ ಎದ್ದು, ಮಧ್ಯಾಹ್ನದ ನಿದ್ದೆ ಆಯಿತು ಅಂತ ತಾನೇ ಘೋಷಿಸಿಬಿಡುತ್ತದೆ.

ಎರಡು ಮಗ್ಗುಲೂ ಬೇಕೇ ಬೇಕು ಅಂದರೆ ಎರಡು ಕಡೆ ರೂಮು ಮಾಡಿ. ಆದರೆ ಒಂದು ಜಾಗದಲ್ಲಿ ಮೂರು ರಾತ್ರಿಗಿಂತ ಕಮ್ಮಿ ಬೇಡ. ಮಕ್ಕಳಿಗೆ ಹೊಸ ಹಾಸಿಗೆ ಒಗ್ಗುವುದೇ ಎರಡನೇ ರಾತ್ರಿ.

ಹೆಜ್ಜೆ 3: ಪಾರ್ಕಿನ ಒಳಗೋ ಹೊರಗೋ

ಒಳಗೆ ಉಳಿಯುವ ಸುಖವೇ ಬೇರೆ. ಜನ ಬರುವ ಮೊದಲೇ ಮರಳಿನ ಮೇಲೆ ನೀವಿರುತ್ತೀರಿ. ಹೇಗೂ ಮಕ್ಕಳು ನಿಮ್ಮನ್ನು ಐದೂವರೆಗೇ ಎಬ್ಬಿಸಿರುತ್ತಾರೆ.

ಆದರೆ ಎಲ್ಲ ಪಾರ್ಕಿನಲ್ಲೂ ಒಳಗೆ ರೂಮು ಸಿಗುವುದಿಲ್ಲ. ಅಮೆರಿಕದ ಅಕೇಡಿಯಾದಲ್ಲಿ ಒಳಗೆ ಕ್ಯಾಂಪ್‌ಗ್ರೌಂಡ್‌ಗಳಿವೆ, ಹೋಟೆಲಿಲ್ಲ. ರೂಮು ಬೇಕಾದರೆ ಪಕ್ಕದ ಊರುಗಳಲ್ಲಿ ಹುಡುಕಬೇಕು. ವೇಲ್ಸ್‌ನ ಪೆಂಬ್ರೋಕ್‌ಷೈರ್ ಕೋಸ್ಟ್ ಪಾರ್ಕಿನ ಒಳಗೋ ಊರುಗಳೇ ಇವೆ, ಜನ ಅಲ್ಲೇ ಬದುಕುತ್ತಾರೆ. ಹಾಗಾಗಿ ಅಲ್ಲಿ ಒಳಗೋ ಹೊರಗೋ ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. ನೀವು ಹೋಗುವ ಪಾರ್ಕು ಯಾವ ಥರದ್ದು ಅಂತ ಅದರ ಅಧಿಕೃತ ವೆಬ್‌ಸೈಟಿನಲ್ಲೇ ನೋಡಿ.

ಒಳಗೆ ಅಂತ ನಿರ್ಧರಿಸಿದರೆ ಮೂರು ವಿಷಯ ಕೇಳಿಕೊಳ್ಳಿ. ಮೊಬೈಲ್ ಸಿಗ್ನಲ್ ಇದೆಯಾ? ಗೇಟು ರಾತ್ರಿ ಮುಚ್ಚುತ್ತಾರಾ, ಮುಚ್ಚಿದರೆ ತುರ್ತಿಗೆ ಹೊರಗೆ ಹೋಗುವುದು ಹೇಗೆ? ಮಕ್ಕಳನ್ನು ನೋಡುವ ಆಸ್ಪತ್ರೆ ಎಷ್ಟು ನಿಮಿಷ ದೂರ? ಮೂರನೆಯದಕ್ಕೆ ಒಂದು ಗಂಟೆಗಿಂತ ಜಾಸ್ತಿ ಅಂತ ಉತ್ತರ ಬಂದರೆ, ಕೂಸಿಗೆ ಆರು ತಿಂಗಳೂ ಆಗಿಲ್ಲದಿದ್ದರೆ, ನಾನಾಗಿದ್ದರೆ ಹೊರಗೇ ಉಳಿಯುತ್ತೇನೆ. ಇದು ಧೈರ್ಯದ ಪ್ರಶ್ನೆ ಅಲ್ಲ. ರಾತ್ರಿ ಎರಡು ಗಂಟೆಗೆ ಜ್ವರ ಏರಿದಾಗ ಕತ್ತಲ ರಸ್ತೆಯಲ್ಲಿ ಕಾರು ಓಡಿಸುವ ಪ್ರಶ್ನೆ.

ಇನ್ನೊಂದು ಮಾತು. ರೂಮಿನ ಬುಕಿಂಗ್ ಬೇರೆ, ಪಾರ್ಕಿನ ಬುಕಿಂಗ್ ಬೇರೆ. ಅಕೇಡಿಯಾದ ಕ್ಯಾಡಿಲಾಕ್ ಬೆಟ್ಟದ ರಸ್ತೆಗೆ ಸೀಸನ್‌ನಲ್ಲಿ ಕಾರು ಬಿಡಬೇಕಾದರೆ ಮೊದಲೇ ಸಮಯ ಕಾಯ್ದಿರಿಸಬೇಕು. ಇಂಥದ್ದು ನಿಮ್ಮ ಪಾರ್ಕಿನಲ್ಲೂ ಇದೆಯಾ ಅಂತ ನೋಡಿಕೊಂಡೇ ದುಡ್ಡು ಕಟ್ಟಿ. ಶಾಲೆ ರಜೆಯ ದಿನಗಳಾದರೆ ಒಳಗಿನ ರೂಮುಗಳು ಎಷ್ಟೋ ತಿಂಗಳು ಮೊದಲೇ ಹೋಗಿರುತ್ತವೆ.

ಹೆಜ್ಜೆ 4: ಉಬ್ಬರ ಇಳಿತದ ಪಟ್ಟಿ ನೋಡದೆ ತಾರೀಕು ಹಾಕಬೇಡಿ

ಇದನ್ನು ಮಾಡುವವರು ತುಂಬಾ ಕಮ್ಮಿ. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಅತ್ಯಂತ ಲಾಭದ ಹತ್ತು ನಿಮಿಷ ಇದೇ.

ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಪುಟ್ಟ ಮಕ್ಕಳಿಗೆ ಇಳಿತವೇ ಹಬ್ಬ: ಅಗಲವಾದ ಗಟ್ಟಿ ಮರಳು, ಬಂಡೆಗಳ ನಡುವೆ ನಿಂತ ಸಣ್ಣ ಹೊಂಡಗಳು, ಅವುಗಳಲ್ಲಿ ಏಡಿ, ನಕ್ಷತ್ರಮೀನು. ಮೊದಲ ದಿನ ಬೆಳಗ್ಗೆ ಒಂಬತ್ತಕ್ಕೆ ಇಳಿತ ಇದ್ದರೆ ನಿಮ್ಮ ಅದೃಷ್ಟ. ಐದನೇ ದಿನಕ್ಕೆ ಅದು ಹನ್ನೆರಡು ಇಪ್ಪತ್ತರ ಹತ್ತಿರ ಬಂದಿರುತ್ತದೆ, ಸರಿಯಾಗಿ ನಿದ್ದೆಯ ಹೊತ್ತಿಗೆ! ಹಾಗಾಗಿ ಇಳಿತ ಬೆಳಗ್ಗೆ ಏಳೆಂಟರಿಂದ ಹತ್ತೂವರೆ ಒಳಗೆ ಬೀಳುವ ಮೂರು ನಾಲ್ಕು ದಿನ ಹುಡುಕಿ ಬುಕ್ ಮಾಡಿ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿಯುತ್ತದೆ, ಹೊಂಡಗಳು ಜಾಸ್ತಿ ಕಾಣುತ್ತವೆ. ಆದರೆ ಉಬ್ಬರವೂ ಅಷ್ಟೇ ಜೋರಾಗಿ ಮೇಲೆ ಬರುತ್ತದೆ ಅನ್ನುವುದು ನೆನಪಿರಲಿ.

ರೂಮಿನ ಮುಂದಿರುವ ತೀರ ಉಬ್ಬರದಲ್ಲಿ ಹೇಗಿರುತ್ತದೆ ಅಂತಲೂ ಕೇಳಿ. ಫೋಟೋ ತೆಗೆಯುವುದು ಚಂದ ಕಾಣುವ ಹೊತ್ತಿನಲ್ಲಿ. ಕೆಲವು ಕಡೆ ಉಬ್ಬರದಲ್ಲಿ ಬೀಚೇ ಇರುವುದಿಲ್ಲ, ನೀರು ಬಂದು ಬಂಡೆಗೆ ಬಡಿಯುತ್ತದೆ. ಇನ್ನು ಕೆಲವು ಅಳಿವೆಗಳ ಪಕ್ಕದ ಮನೆಗಳ ಎದುರು ಇಳಿತದಲ್ಲಿ ನೀರೇ ಇರುವುದಿಲ್ಲ, ಮೊಣಕಾಲುದ್ದ ಕೆಸರು. ದಾರಿಯೂ ಅಷ್ಟೇ. ಏಬಲ್ ಟಾಸ್ಮನ್‌ನ ಅವಾರೋವಾ ಅಳಿವೆಯನ್ನು ಇಳಿತಕ್ಕೆ ಒಂದೂವರೆ ಗಂಟೆ ಮೊದಲು ಮತ್ತು ಎರಡು ಗಂಟೆ ನಂತರದ ಅವಧಿಯಲ್ಲಿ ಮಾತ್ರ ನಡೆದು ದಾಟಬಹುದು. ಅಕೇಡಿಯಾದ ಬಾರ್ ದ್ವೀಪಕ್ಕೆ ಹೋಗುವ ಮರಳು ದಿಬ್ಬವೂ ಇಳಿತದ ಹಿಂದೆ ಮುಂದೆ ಒಂದೂವರೆ ಗಂಟೆ ಮಾತ್ರ ತೆರೆದಿರುತ್ತದೆ. ಮಕ್ಕಳ ಜೊತೆ ಇಂಥ ಕಡೆ ಗಡಿಯಾರದ ಮೇಲೆ ಬದುಕಬೇಕು. ಮಕ್ಕಳಿಗೆ ಗಡಿಯಾರ ಗೊತ್ತಿಲ್ಲ.

ನೀರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಲೈಫ್‌ಗಾರ್ಡ್ ಇರುವ ಬೀಚು ಹತ್ತಿರ ಇದ್ದರೆ ಅದೇ ಊರಿನಲ್ಲಿ ರೂಮು ನೋಡಿ, ಉಳಿದ ಸೌಕರ್ಯ ಸ್ವಲ್ಪ ಕಮ್ಮಿ ಇದ್ದರೂ ಸರಿ. ಎಷ್ಟೋ ದೇಶಗಳಲ್ಲಿ ಕೆಂಪು ಹಳದಿ ಬಾವುಟಗಳ ನಡುವಿನ ಜಾಗ ಅಂದರೆ ಗಾರ್ಡ್ ಕಣ್ಣಿಟ್ಟಿರುವ ಜಾಗ. ದಡದಿಂದ ಒಳಕ್ಕೆ ಎಳೆಯುವ ಸೆಳೆತ ಸೆಕೆಂಡಿಗೆ ಎರಡು ಮೀಟರಿಗಿಂತ ಜೋರಾಗಿಯೂ ಇರಬಹುದು, ಒಳ್ಳೆ ಈಜುಗಾರನಿಗೂ ಅದರ ಎದುರು ಈಜಲು ಆಗುವುದಿಲ್ಲ. ಇನ್ನು ನೀರಿನ ಚಳಿ. ಅಕೇಡಿಯಾದ ಸ್ಯಾಂಡ್ ಬೀಚಿನಲ್ಲಿ ಬೇಸಿಗೆಯಲ್ಲೂ ನೀರು 13 ಡಿಗ್ರಿ ದಾಟುವುದು ಅಪರೂಪ. ಅಂಥ ಪಾರ್ಕಾದರೆ ಸಮುದ್ರಕ್ಕೆ ಅಂಟಿಕೊಂಡ ರೂಮಿಗೆ ಯಾಕೆ ಒದ್ದಾಡಬೇಕು ಹೇಳಿ. ಹತ್ತಿರದಲ್ಲೇ ಬೆಚ್ಚಗಿನ ನೀರಿನ ಕೆರೆ ಇದ್ದರೆ ಮಕ್ಕಳು ಆಡುವುದು ಅಲ್ಲೇ.

ಹೆಜ್ಜೆ 5: ಹೋಟೆಲ್ ರೂಮೋ, ಮನೆಯೋ, ಟೆಂಟೋ

ಮಕ್ಕಳು ಸಂಜೆ ಏಳಕ್ಕೆ ಮಲಗಿದರೆ ಒಂದೇ ಕೋಣೆಯ ಹೋಟೆಲಿನಲ್ಲಿ ದೊಡ್ಡವರ ಗತಿ ಏನು? ನಾವು ಒಂದು ಸಲ ಮೂರು ರಾತ್ರಿ ಬಚ್ಚಲಿನ ನೆಲದ ಮೇಲೆ ಕೂತು ಪಿಸುಗುಟ್ಟಿದ್ದೇವೆ. ಆದ್ದರಿಂದ ಬಾಗಿಲು ಮುಚ್ಚಬಹುದಾದ ಎರಡನೇ ಕೋಣೆ ಬೇಕು. ಎರಡನೆಯದು ಅಡುಗೆಮನೆ, ಸಣ್ಣದಾದರೂ ಸರಿ, ಒಂದು ಒಲೆ ಮತ್ತು ಫ್ರಿಜ್ ಇದ್ದರೆ ಸಾಕು. ಮೂರನೆಯದು ಬಟ್ಟೆ ಒಗೆಯುವ ಮಷಿನ್, ಅದಿಲ್ಲದಿದ್ದರೆ ಒಣಹಾಕಲು ಜಾಗ. ಕಡಲ ಗಾಳಿಯಲ್ಲಿ ತೇವ ಜಾಸ್ತಿ, ಒದ್ದೆ ಬಟ್ಟೆ ಮರುದಿನಕ್ಕೂ ಒದ್ದೆಯಾಗಿಯೇ ಇರುತ್ತದೆ. ಹೊರಗೆ ಕಾಲು ತೊಳೆಯುವ ನಲ್ಲಿ ಇದ್ದರೆ ಆ ಮನೆ ಕಟ್ಟಿದವರಿಗೆ ಮಕ್ಕಳಿದ್ದರು ಅಂತ ಅರ್ಥ.

ಬಾತ್‌ಟಬ್ ಬೇಕೋ ಶವರ್ ಬೇಕೋ ಅನ್ನುವುದು ನಿಮ್ಮ ಮಗುವಿಗೆ ಬಿಟ್ಟದ್ದು. ಮರಳು ತುಂಬಿದ ಮಗುವನ್ನು ಕೈಯಲ್ಲಿ ಹಿಡಿಯುವ ಶವರ್‌ನಿಂದ ತೊಳೆಯುವುದು ಸುಲಭ, ಅಷ್ಟು ಹೇಳಬಲ್ಲೆ.

ಟೆಂಟು ಮಕ್ಕಳಿಗೆ ಇಷ್ಟ, ಒಪ್ಪುತ್ತೇನೆ. ಆದರೆ ತೀರದ ಗಾಳಿ ರಾತ್ರಿಯಿಡೀ ಬಟ್ಟೆ ಬಡಿಯುತ್ತದೆ. ಪ್ರಾಣಿಗಳ ಕಾಟವೂ ಉಂಟು: ಒಲಿಂಪಿಕ್‌ನ ಕಾಡು ತೀರದಲ್ಲಿ ಟೆಂಟ್ ಹಾಕುವವರು ಊಟದ ಸಾಮಾನನ್ನು ಕರಡಿಗೂ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲೇ ಇಡಬೇಕು. ಅಲ್ಲಿ ಕದಿಯಲು ಬರುವುದು ಹೆಚ್ಚಾಗಿ ಸಣ್ಣ ಕಾಡುಪ್ರಾಣಿಗಳಾದ ರಕೂನ್‌ಗಳು. ಮೊದಲ ಸಲಕ್ಕೆ ಒಂದೇ ರಾತ್ರಿ ಟೆಂಟು, ಉಳಿದದ್ದು ಗೋಡೆ ಇರುವ ಜಾಗ. ಹಾಗೆ ಮಾಡಿ ನೋಡಿ.

ಹೆಜ್ಜೆ 6: ಫೋಟೋ ಓದುವುದು, ಪ್ರಶ್ನೆ ಕೇಳುವುದು

"ಮಕ್ಕಳಿಗೆ ಅನುಕೂಲ" ಅಂತ ಬರೆದಿದ್ದರೆ ಅದಕ್ಕೆ ಅರ್ಥ ಮಕ್ಕಳನ್ನು ಬೇಡ ಅನ್ನುವುದಿಲ್ಲ ಅಂತ, ಅಷ್ಟೇ. ಅದರಾಚೆಗಿನದ್ದನ್ನು ನೀವೇ ಪತ್ತೆ ಮಾಡಬೇಕು. ಪ್ರತಿ ಫೋಟೋ ದೊಡ್ಡದು ಮಾಡಿ, ನಿಧಾನಕ್ಕೆ ನೋಡಿ.

ಬಾಲ್ಕನಿಯಿಂದ ಶುರು ಮಾಡಿ. ರೇಲಿಂಗಿನ ಕಂಬಿಗಳು ನೆಟ್ಟಗೆ ನಿಂತಿವೆಯಾ, ಅಡ್ಡ ಮಲಗಿವೆಯಾ? ಅಡ್ಡ ಕಂಬಿ ಅಂದರೆ ಮಗುವಿಗೆ ಅದು ಏಣಿ. ಕಡಲು ಚೆನ್ನಾಗಿ ಕಾಣಲಿ ಅಂತ ಅಡ್ಡ ತಂತಿ ಎಳೆದ ರೇಲಿಂಗು ಈಗ ಎಲ್ಲ ಕಡೆ ಇದೆ, ಅದನ್ನು ಕಂಡರೆ ನಾನು ಆ ಮನೆ ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ. ನೆಟ್ಟಗಿದ್ದರೂ ಸಂದು ಹತ್ತು ಸೆಂಟಿಮೀಟರಿಗಿಂತ ಜಾಸ್ತಿ ಇರಬಾರದು. ರೇಲಿಂಗಿನ ಪಕ್ಕ ಕುರ್ಚಿಯೋ ಟೀಪಾಯಿಯೋ ಇದ್ದರೆ ಹೋದ ತಕ್ಷಣ ಒಳಗಿಡಬೇಕು. ಮೇಲಿನ ಮಹಡಿಯ ಕಿಟಕಿಗೂ ಇದೇ ಲೆಕ್ಕ. ಸೊಳ್ಳೆ ಪರದೆ ಸೊಳ್ಳೆಯನ್ನು ತಡೆಯುತ್ತದೆ, ಮಗುವನ್ನು ತಡೆಯುವುದಿಲ್ಲ.

ಈಜುಕೊಳ ಇದ್ದರೆ ಸುತ್ತ ನಾಲ್ಕೂ ಕಡೆ ಬೇಲಿ ಬೇಕು, ಎತ್ತರ ಕನಿಷ್ಠ 1.2 ಮೀಟರ್, ತಾನಾಗೇ ಮುಚ್ಚಿ ಚಿಲಕ ಬೀಳುವ ಗೇಟು. ಮೂರು ಕಡೆ ಬೇಲಿ, ನಾಲ್ಕನೆಯ ಕಡೆ ಮನೆಯ ಹಿಂಬಾಗಿಲು ಅಂತ ಎಷ್ಟೋ ಕಡೆ ಇರುತ್ತದೆ. ಅದು ಬೇಲಿಯೇ ಅಲ್ಲ. ಮಗು ಮುಳುಗುವಾಗ ಸದ್ದೇ ಆಗದಿರಬಹುದು, ಕೂಗಿ ಕರೆಯುತ್ತದೆ ಅಂತ ನಂಬಿ ಕೂರುವಂತಿಲ್ಲ. ಮನೆಯೊಳಗೂ ಹೊರಗೂ ಬಿಸಿನೀರಿನ ತೊಟ್ಟಿ, ಅಲಂಕಾರದ ಕೊಳ, ನೀರು ತುಂಬಿದ ಡ್ರಮ್ಮು ಇವೆಯಾ ಅಂತಲೂ ಕೇಳಿ.

ಆಮೇಲೆ ಮಾಲೀಕರಿಗೆ ಒಂದು ಮೆಸೇಜು. ನಾನು ಕಳಿಸುವುದು ಹೆಚ್ಚುಕಮ್ಮಿ ಹೀಗಿರುತ್ತದೆ:

"ನಮಸ್ಕಾರ. ನಮ್ಮ ಜೊತೆ ಎರಡು ಮತ್ತು ನಾಲ್ಕು ವರ್ಷದ ಮಕ್ಕಳು ಬರುತ್ತಾರೆ. ಪಾರ್ಕಿಂಗಿನಿಂದ ಬಾಗಿಲಿಗೆ, ಬಾಗಿಲಿನಿಂದ ಮರಳಿಗೆ ಒಟ್ಟು ಎಷ್ಟು ಮೆಟ್ಟಿಲು? ದಾರಿಯಲ್ಲಿ ದೊಡ್ಡ ರಸ್ತೆ ದಾಟಬೇಕಾ? ಒಳಗಿನ ಮೆಟ್ಟಿಲಿಗೆ ಅಡ್ಡ ಗೇಟು ಇದೆಯಾ? ಮಗುವಿನ ತೊಟ್ಟಿಲು ಕೊಡುವುದಾದರೆ ಅದರ ಒಂದು ಫೋಟೋ ಕಳಿಸಬಹುದಾ? ಬಿಸಿನೀರಿನ ಉಷ್ಣತೆ ಕಮ್ಮಿ ಮಾಡಲು ಆಗುತ್ತದಾ?"

ತೊಟ್ಟಿಲಿನ ಫೋಟೋ ಕೇಳಲು ಸಂಕೋಚ ಬೇಡ. ಕೂಸಿಗೆ ಗಟ್ಟಿಯಾದ, ಸಮತಟ್ಟಾದ ಹಾಸು ಬೇಕು, ದಿಂಬು ಬೇಡ, ಮೆತ್ತನೆಯ ಹೊದಿಕೆ ಬೇಡ. "ತೊಟ್ಟಿಲಿದೆ" ಅಂದ ಒಂದು ಕಡೆ ನಮಗೆ ಸಿಕ್ಕಿದ್ದು ಒಂದು ಬದಿ ಕಳಚಿಹೋದ, ಹಗ್ಗ ಕಟ್ಟಿದ ವಸ್ತು. ಈಗ ಮಡಚುವ ತೊಟ್ಟಿಲು ನಾವೇ ಒಯ್ಯುತ್ತೇವೆ. ಅಟ್ಟದ ಮಂಚ (ಒಂದರ ಮೇಲೊಂದು ಹಾಸಿಗೆ ಇರುವುದು) ನೋಡಿ ಮಕ್ಕಳು ಕುಣಿಯುತ್ತಾರೆ, ಆದರೆ ಆರು ವರ್ಷದೊಳಗಿನವರನ್ನು ಮೇಲಿನ ಹಾಸಿಗೆಯಲ್ಲಿ ಮಲಗಿಸಬಾರದು. ಬಿಸಿನೀರು 49 ಡಿಗ್ರಿ ದಾಟದಿದ್ದರೆ ಒಳ್ಳೆಯದು. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಮಗುವಿನ ಚರ್ಮ ಸುಟ್ಟುಬಿಡುತ್ತದೆ. ಗ್ಯಾಸ್ ಗೀಸರೋ, ಕಟ್ಟಿಗೆ ಒಲೆಯೋ ಇರುವ ಮನೆಯಾದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಬ್ಯಾಟರಿಯದ್ದು ಒಂದು ಚೀಲದಲ್ಲಿ ಹಾಕಿಕೊಳ್ಳಿ. ಆ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಿನ್ನೀರು, ಜೌಗು, ಮ್ಯಾಂಗ್ರೋವ್ ಪಕ್ಕದ ಮನೆಯಾದರೆ ಕಿಟಕಿ ಪರದೆ ಹರಿದಿಲ್ಲ ತಾನೇ ಅಂತಲೂ ಕೇಳಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಕಡಿಯುವ ನೊಣಗಳು ಮಾಮೂಲಿ ಪರದೆಯ ಕಣ್ಣಿನಲ್ಲೂ ನುಸುಳುತ್ತವೆ. ಎರಡು ತಿಂಗಳೊಳಗಿನ ಕೂಸಿಗೆ ಸೊಳ್ಳೆ ಮುಲಾಮು ಹಚ್ಚುವಂತಿಲ್ಲ, ತೊಟ್ಟಿಲಿಗೆ ಬಲೆಯೇ ಗತಿ.

ಉತ್ತರ ಎಷ್ಟು ಬೇಗ ಬಂತು, ಎಷ್ಟು ನೇರವಾಗಿ ಬಂತು ಅನ್ನುವುದೂ ಒಂದು ಉತ್ತರವೇ. ಮೆಟ್ಟಿಲೆಷ್ಟು ಅಂತ ಕೇಳಿದರೆ "ಸುಂದರ ನೋಟವಿದೆ" ಅಂದವರ ಮನೆಗೆ ನಾವು ಹೋಗಲಿಲ್ಲ.

ಹೆಜ್ಜೆ 7: ವಿಮರ್ಶೆ, ರದ್ದತಿ, ದುಡ್ಡು

ಐದು ಸ್ಟಾರಿನ ಹೊಗಳಿಕೆ ಬಿಡಿ, ಮೂರು ಸ್ಟಾರಿನವು ಓದಿ. ಅದರಲ್ಲಿ "ಮೆಟ್ಟಿಲು", "ಸದ್ದು", "ಮಗು", "ಜಿರಲೆ", "ಗಾಳಿ" ಅಂತ ಹುಡುಕಿ. ಮಕ್ಕಳು ಯಾವಾಗ ಹುಷಾರು ತಪ್ಪುತ್ತಾರೋ ಗೊತ್ತಿಲ್ಲ, ಕಡಲ ಹವಾಮಾನವೂ ಹಾಗೇ. ಹಾಗಾಗಿ ಸ್ವಲ್ಪ ಜಾಸ್ತಿ ಕೊಟ್ಟಾದರೂ ರದ್ದು ಮಾಡಲು ಬಿಡುವ ಬುಕಿಂಗನ್ನೇ ತೆಗೆದುಕೊಳ್ಳಿ. ಬಿರುಗಾಳಿಯಿಂದ ಪಾರ್ಕು ಮುಚ್ಚಿದರೆ ದುಡ್ಡು ವಾಪಸ್ ಬರುತ್ತದಾ ಅಂತ ಬರಹದಲ್ಲಿ ಕೇಳಿಟ್ಟುಕೊಳ್ಳಿ. ಸ್ವಚ್ಛತೆಯ ಶುಲ್ಕ, ಹೆಚ್ಚುವರಿ ಹಾಸಿಗೆಯ ಶುಲ್ಕ ಕೊನೆಯ ಪುಟದಲ್ಲಿ ಅಡಗಿರುತ್ತವೆ. ಎರಡು ಜಾಗ ಹೋಲಿಸುವಾಗ ಆ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ.

ಹೆಜ್ಜೆ 8: ಬಾಗಿಲು ತೆರೆದ ಮೇಲಿನ ಕಾಲು ಗಂಟೆ

ಸೂಟ್‌ಕೇಸ್ ಬಿಚ್ಚಬೇಡಿ. ಒಬ್ಬರು ಮಕ್ಕಳನ್ನು ಹೊರಗೆ ಆಡಿಸಲಿ, ಇನ್ನೊಬ್ಬರು ಒಳಗೆ ಹೋಗಿ ಮಂಡಿಯೂರಿ ಇಡೀ ಮನೆ ಸುತ್ತಲಿ. ಹೌದು, ಮಂಡಿಯೂರಿ. ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಪರದೆಯ ನೇತಾಡುವ ದಾರ ಮೇಲಕ್ಕೆ ಕಟ್ಟಿ. ಪಾತ್ರೆ ತೊಳೆಯುವ ಪುಡಿ, ಇಲಿ ಪಾಷಾಣ, ಬ್ಯಾಟರಿ ಎಲ್ಲ ಎತ್ತರದ ಕಪಾಟಿಗೆ. ಟಿವಿ ಅಲುಗಾಡಿಸಿ ನೋಡಿ. ಹೊರಬಾಗಿಲಿನ ಚಿಲಕ ಮಗುವಿನ ಕೈಗೆ ಎಟುಕುತ್ತದಾ, ಬಾಲ್ಕನಿ ಬಾಗಿಲು ಲಾಕ್ ಆಗುತ್ತದಾ, ಸ್ನಾನದ ನಲ್ಲಿಯ ನೀರು ಎಷ್ಟು ಬಿಸಿ ಬರುತ್ತದೆ, ಇಷ್ಟು ನೋಡಿಕೊಳ್ಳಿ. ಮಗು ಮಲಗುವ ಕೋಣೆಯ ಪರದೆ ಎಳೆದು ಎಷ್ಟು ಕತ್ತಲಾಗುತ್ತದೆ ಅಂತಲೂ ನೋಡಿ. ಸಾಲದಿದ್ದರೆ ಹೆಚ್ಚುವರಿ ಬೆಡ್‌ಶೀಟು, ಬಟ್ಟೆ ಕ್ಲಿಪ್ಪು ಸಾಕು.

ಸರಿಯಿಲ್ಲದ್ದು ಏನಾದರೂ ಕಂಡರೆ ಫೋಟೋ ತೆಗೆದು ಆಗಲೇ ಫೋನ್ ಮಾಡಿ, ರೂಮು ಬದಲಾಯಿಸಿ ಕೊಡಿ ಅನ್ನಿ. ಮಕ್ಕಳು ಒಳಗೆ ಕಾಲಿಟ್ಟು, ಇದು ನನ್ನ ಹಾಸಿಗೆ ಅಂತ ಜಾಗ ಹಿಡಿದ ಮೇಲೆ ನೀವು ಅಲ್ಲಿಂದ ಕದಲುವುದು ಕಷ್ಟ.